ಲ್ಯಾಪ್‌ಟಾಪ್ ಬದಲು ಐಪ್ಯಾಡ್ ಪ್ರೋ ಎಂದು ಕೇಳಿದ ತಮ್ಮನಿಗೆ

ಪ್ರೀತಿಯ ತಮ್ಮನಿಗೆ ಅಕ್ಕನ ಆಶೀರ್ವಾದಗಳು. ಅಪ್ಪ, ಅಮ್ಮನಿಗೆ ನಮಸ್ಕಾರ ತಿಳಿಸು. ನಾವಿಲ್ಲಿ ಕ್ಷೇಮ.

ಈ ವಿಷಯ ಫೋನಿನಲ್ಲಿ ಮಾತಾಡಿದರೆ ಅರ್ಧಕ್ಕೇ ನಿಲ್ಲುತ್ತದೆ. ಉಳಿದರ್ಧದಲ್ಲಿ ನಿನಗೆ ಅನುಕೂಲವಾದಷ್ಟನ್ನು ಮಾತ್ರ ನೀನು ಅಪ್ಪನಿಗೆ ಹೇಳುತ್ತೀಯ. ಅದಕ್ಕೇ ಬರೆದು ಕಳಿಸುತ್ತಿದ್ದೇನೆ. ಅಪ್ಪನೂ ಓದಲಿ, ಅವರಿಗೆ ಬೇಕಾದ ಮಾತೂ ಇದರಲ್ಲಿದೆ.

ಐಪ್ಯಾಡ್ ಪ್ರೋ ಕೊಂಡರೆ ಲ್ಯಾಪ್‌ಟಾಪ್ ಬೇಕಾಗುವುದಿಲ್ಲವೇ ಎಂದು ಕೇಳಿದ್ದೆ. ಚಿತ್ರ ಬಿಡಿಸುವುದಕ್ಕೆ ಅದನ್ನು ಮೀರಿಸುವ ಟ್ಯಾಬ್ಲೆಟ್ ಸಿಗುವುದು ಕಷ್ಟ. ಆದರೆ ನಿನ್ನ ಕಾಲೇಜಿನ ಕೆಲಸಕ್ಕೆ ಅದೊಂದೇ ಸಾಲುವುದಿಲ್ಲ. ಅದರ ಬಲವೆಲ್ಲ ಪರದೆಯಲ್ಲಿ, ಪೆನ್ನಿನಲ್ಲಿ ಇದೆ. ಕೊರತೆಯೆಲ್ಲ ಅದರೊಳಗೆ ಓಡುವ ತಂತ್ರಾಂಶದಲ್ಲಿದೆ. ನೀನು ಕಳಿಸಿದ ಪ್ರೊಸೆಸರ್ ಅಂಕಿಗಳನ್ನು ಸದ್ಯ ಬದಿಗಿಡು. ಅದರೊಳಗಿನ ಎಂ4 ಚಿಪ್‌ನ ವೇಗವನ್ನು ಪೂರ್ತಿ ಬಳಸಿಕೊಳ್ಳುವ ಆ್ಯಪ್‌ಗಳೇ ಕಡಿಮೆ. ಆ ಅಂಕಿಗಳ ಮೇಲೆ ತೀರ್ಮಾನ ಮಾಡಿದರೆ ನೀನು ಬಳಸದ ಶಕ್ತಿಗೆ ದುಡ್ಡು ಕೊಟ್ಟಂತೆ.

ಮೊದಲು ಪರದೆ. 2024ರ ಮೇ ತಿಂಗಳಲ್ಲಿ ಬಂದ ಎಂ4 ಪ್ರೋನಲ್ಲಿ, ಅಂದರೆ ಎಂ4 ಚಿಪ್ ಇರುವ ಐಪ್ಯಾಡ್ ಪ್ರೋನಲ್ಲಿ, ಎರಡು ಓಎಲ್ಇಡಿ (ಪ್ರತಿ ಪಿಕ್ಸೆಲ್ ತಾನೇ ಬೆಳಗುವ) ಪದರಗಳನ್ನು ಒಂದರ ಮೇಲೊಂದು ಕೂರಿಸಿದ್ದಾರೆ. ಒಂದೇ ಪದರದಿಂದ ಅಷ್ಟು ಬೆಳಕು ತೆಗೆಯಬೇಕಾದರೆ ಅದಕ್ಕೆ ಹೆಚ್ಚು ಕರೆಂಟ್ ಹರಿಸಬೇಕು, ಆಗ ಪಿಕ್ಸೆಲ್‌ಗಳು ಬೇಗ ಸವೆದು ಪರದೆಯ ಮೇಲೆ ಹಳೆಯ ಚಿತ್ರದ ಅಚ್ಚು ಉಳಿಯುವ ಅಪಾಯ ಹೆಚ್ಚುತ್ತದೆ. ಎರಡು ಪದರ ಹೊರೆ ಹಂಚಿಕೊಂಡರೆ ಆ ತೊಂದರೆ ಕಡಿಮೆ. ಇದರಿಂದ ಇಡೀ ಪರದೆ 1000 ನಿಟ್ಸ್ (ಪರದೆಯ ಹೊಳಪಿನ ಅಳತೆ) ಬೆಳಕು ಕೊಡುತ್ತದೆ, ಎಚ್‌ಡಿಆರ್ (ಬೆಳಕು ನೆರಳಿನ ವ್ಯಾಪ್ತಿ ಹೆಚ್ಚಿರುವ) ವಿಡಿಯೋದಲ್ಲಿ ಹೊಳೆಯುವ ಭಾಗಗಳು 1600ರವರೆಗೆ ಹೋಗುತ್ತವೆ. ಪ್ರೋಗಿಂತ ಅಗ್ಗದ ಐಪ್ಯಾಡ್ ಏರ್ ಮಾದರಿಯಲ್ಲಿ ಇರುವುದು ಎಲ್‌ಸಿಡಿ, ಅಂದರೆ ಹಿಂದಿನಿಂದ ಬೆಳಕು ಬೀಳುವ ಪರದೆ. 11 ಇಂಚಿನದು 500, 13 ಇಂಚಿನದು 600 ನಿಟ್ಸ್. ಕೋಣೆಯೊಳಗೆ ಕೂತು ಕೆಲಸ ಮಾಡುವವರಿಗೆ ಈ ವ್ಯತ್ಯಾಸ ಅಷ್ಟಾಗಿ ಗೊತ್ತಾಗುವುದಿಲ್ಲ. ಕಿಟಕಿಯ ಪಕ್ಕ ಅಥವಾ ಬಯಲಿನಲ್ಲಿ ಕೂತರೆ ತಕ್ಷಣ ಗೊತ್ತಾಗುತ್ತದೆ. ಕಪ್ಪು ಬಣ್ಣವಂತೂ ಕಪ್ಪಾಗಿಯೇ ಕಾಣುತ್ತದೆ, ಎಲ್‌ಸಿಡಿಯ ಹಾಗೆ ಬೂದಿ ಕಪ್ಪಲ್ಲ.

ಇದಕ್ಕೊಂದು ಅಡ್ಡ ಪರಿಣಾಮವೂ ಇದೆ. ಓಎಲ್ಇಡಿ ಪರದೆಗಳಲ್ಲಿ ಬೆಳಕು ತಗ್ಗಿಸಿದಾಗ ಪಿಕ್ಸೆಲ್‌ಗಳು ಕಣ್ಣಿಗೆ ಕಾಣದಷ್ಟು ವೇಗವಾಗಿ ಆರಿ ಹೊತ್ತುತ್ತವೆ. ಹೆಚ್ಚಿನವರಿಗೆ ಏನೂ ಆಗುವುದಿಲ್ಲ, ಕೆಲವರಿಗೆ ಕಣ್ಣು ಉರಿ, ತಲೆನೋವು ಬರುತ್ತದೆ. ಅಮ್ಮನಿಗೆ ತಲೆನೋವಿನ ತೊಂದರೆ ಇರುವುದರಿಂದ ಅವರೂ ಬಳಸುವುದಾದರೆ ಕೊಳ್ಳುವ ಮೊದಲು ಕಡಿಮೆ ಬೆಳಕಿನಲ್ಲಿ ಅರ್ಧ ಗಂಟೆ ಓದಿ ನೋಡಲಿ.

ಈಗ ಪೆನ್. ನಿನಗೆ ಮುಖ್ಯವಾದದ್ದು ಇದೇ, ಅದಕ್ಕೆ ವಿವರವಾಗಿ ಬರೆಯುತ್ತೇನೆ. ಪ್ರೋ ಪರದೆ ಸೆಕೆಂಡಿಗೆ 120 ಸಲ ಚಿತ್ರ ಬದಲಿಸುತ್ತದೆ, ಅಂದರೆ ಪ್ರತಿ 8.3 ಮಿಲಿಸೆಕೆಂಡಿಗೆ ಒಂದು ಹೊಸ ಚಿತ್ರ. ಏರ್ 60 ಸಲ, ಅಂದರೆ 16.7 ಮಿಲಿಸೆಕೆಂಡಿಗೆ ಒಂದು. ವೇಗವಾಗಿ ಗೆರೆ ಎಳೆದಾಗ ಏರ್‌ನಲ್ಲಿ ಪೆನ್ನಿನ ಮೊನೆ ಮುಂದೆ ಹೋಗಿ ಗೆರೆ ಹಿಂದೆ ಉಳಿಯುತ್ತದೆ. ಪ್ರೋನಲ್ಲಿ ಮೊನೆಗೆ ಅಂಟಿಕೊಂಡೇ ಬರುತ್ತದೆ. ನೋಟ್ಸ್ ಬರೆಯುವವರಿಗೆ ಎರಡು ದಿನದಲ್ಲಿ ಇದು ಮರೆತುಹೋಗುತ್ತದೆ. ದಿನಕ್ಕೆ ಗಂಟೆಗಟ್ಟಲೆ ಸ್ಕೆಚ್ ಮಾಡುವವರಿಗೆ ಮರೆಯುವುದಿಲ್ಲ.

ಪೆನ್ನುಗಳಲ್ಲಿ ಮೋಸ ಹೋಗುವುದು ಸುಲಭ. ಎಂ4 ಪ್ರೋಗೆ ಹೊಂದುವ ಆ್ಯಪಲ್ ಪೆನ್ನುಗಳು ಎರಡೇ: ಪೆನ್ಸಿಲ್ ಪ್ರೋ ಮತ್ತು ಯುಎಸ್‌ಬಿ-ಸಿ ಪೆನ್ಸಿಲ್. ಎರಡನೆಯದು ಅಗ್ಗ, ಆದರೆ ಒತ್ತಡ ಗ್ರಹಿಸುವುದಿಲ್ಲ. ಎಷ್ಟೇ ಒತ್ತಿದರೂ ಗೆರೆ ದಪ್ಪವಾಗದು. ಚಿತ್ರಕ್ಕೆ ಅದು ದಂಡ, ನೋಟ್ಸ್‌ಗೆ ಸಾಕು. ಪೆನ್ಸಿಲ್ ಪ್ರೋ ಹಿಸುಕಿದರೆ ಉಪಕರಣಗಳ ಪಟ್ಟಿ ಬರುತ್ತದೆ, ಬೆರಳಲ್ಲಿ ತಿರುಗಿಸಿದರೆ ಚಪ್ಪಟೆ ಕುಂಚವೂ ತಿರುಗುತ್ತದೆ. ನಿನ್ನ ಗೆಳೆಯ ಕೊಡುತ್ತೇನೆಂದ ಎರಡನೇ ತಲೆಮಾರಿನ ಪೆನ್ಸಿಲ್ ಎಂ4 ಪ್ರೋ ಜೊತೆ ಕೆಲಸ ಮಾಡುವುದಿಲ್ಲ. ಮುಂಭಾಗದ ಕ್ಯಾಮೆರಾವನ್ನು ಉದ್ದದ ಅಂಚಿಗೆ ತಂದಾಗ ಅದೇ ಜಾಗದಲ್ಲಿದ್ದ ಪೆನ್ ಚಾರ್ಜಿಂಗ್ ವ್ಯವಸ್ಥೆಯನ್ನೂ ಬದಲಿಸಬೇಕಾಯಿತು. ಬಿಟ್ಟಿ ಸಿಗುತ್ತದೆಂದು ಅದನ್ನು ಲೆಕ್ಕಕ್ಕೆ ಹಿಡಿಯಬೇಡ.

ಪೆನ್ ಮೊನೆ ಸವೆಯುವ ವಸ್ತು. ಗೆರೆ ನಡುವೆ ತುಂಡಾಗುತ್ತಿದ್ದರೆ ಪೆನ್ ಕೆಟ್ಟಿತು ಎಂದು ಗಾಬರಿಯಾಗಬೇಡ, ಮೊದಲು ಮೊನೆಯನ್ನು ಗಡಿಯಾರದ ದಿಕ್ಕಿನಲ್ಲಿ ತಿರುಗಿಸಿ ಬಿಗಿ ಮಾಡು. ಸಡಿಲ ಮೊನೆಯೇ ಬಹಳ ಸಲ ಕಾರಣ. ಬಿಳಿ ಪ್ಲಾಸ್ಟಿಕ್ ಸವೆದು ಒಳಗಿನ ಲೋಹ ಕಾಣಿಸಿದರೆ ತಕ್ಷಣ ಬದಲಿಸು, ಇಲ್ಲದಿದ್ದರೆ ಗಾಜಿಗೆ ಗೀರು ಬೀಳುತ್ತದೆ. ಕಾಗದದಂತೆ ಒರಟಾಗಿರುವ ಫಿಲಂ ಅಂಟಿಸಿದರೆ ಕೈಗೆ ಹಿಡಿತ ಸಿಗುವುದು ನಿಜ, ಆದರೆ ಮೊನೆ ಬೇಗ ಸವೆಯುತ್ತದೆ, ಬಿಳಿ ಹಿನ್ನೆಲೆಯಲ್ಲಿ ಕಾಮನಬಿಲ್ಲಿನಂಥ ಸಣ್ಣ ಚುಕ್ಕೆಗಳೂ ಕಾಣುತ್ತವೆ. ಅಷ್ಟು ದುಡ್ಡು ಕೊಟ್ಟು ತಂದ ಪರದೆಯ ಮೇಲೆ ಹೀಗೆ ಮಂಜು ಕವಿಸುವುದು ನನಗೆ ಸರಿ ಕಾಣುವುದಿಲ್ಲ. ಬೇಕೇ ಬೇಕೆನಿಸಿದರೆ ಆಯಸ್ಕಾಂತದಿಂದ ಅಂಟುವ, ಬೇಡವಾದಾಗ ತೆಗೆದಿಡುವ ಫಿಲಂ ತಗೋ. ಪೆನ್ನನ್ನು ತಿಂಗಳುಗಟ್ಟಲೆ ಚಾರ್ಜ್ ಇಲ್ಲದೆ ಡ್ರಾಯರಿನಲ್ಲಿ ಬಿಡಬೇಡ. ಒಳಗಿನ ಪುಟ್ಟ ಲಿಥಿಯಂ ಬ್ಯಾಟರಿ ಪೂರ್ತಿ ಬರಿದಾದರೆ ಮತ್ತೆ ಏಳದೇ ಹೋಗಬಹುದು.

ಇನ್ನು ಮೆಮೊರಿ. ಅಂಗಡಿಯವರು ಇದನ್ನು ಸರಿಯಾಗಿ ಹೇಳುವುದಿಲ್ಲ. ಎಂ4 ಪ್ರೋನ 256 ಮತ್ತು 512 ಜಿಬಿ ಮಾದರಿಗಳಲ್ಲಿ 8 ಜಿಬಿ ರ‍್ಯಾಮ್ (ಕೆಲಸ ನಡೆಯುವಾಗ ಬಳಸುವ ಮೆಮೊರಿ), 1 ಮತ್ತು 2 ಟಿಬಿ ಮಾದರಿಗಳಲ್ಲಿ 16 ಜಿಬಿ. ಸಿಪಿಯು ಕೂಡ ಬೇರೆ. ಕೆಳಗಿನ ಎರಡಕ್ಕೆ 9 ಕೋರ್, ಮೇಲಿನ ಎರಡಕ್ಕೆ 10. ಪ್ರತಿಫಲನ ಕಡಿಮೆ ಮಾಡುವ ನ್ಯಾನೊ-ಟೆಕ್ಸ್‌ಚರ್ ಗಾಜೂ 1 ಟಿಬಿಯಿಂದ ಮೇಲಕ್ಕೆ ಮಾತ್ರ. 2025ರ ಅಕ್ಟೋಬರಿನಲ್ಲಿ ಬಂದ ಎಂ5 ಪ್ರೋನಲ್ಲಿ ಕೆಳಗಿನ ಮಾದರಿಗಳಿಗೂ 12 ಜಿಬಿ ಕೊಟ್ಟಿದ್ದಾರೆ. ಎರಡರ ನಡುವೆ ಆಯ್ಕೆ ಬಂದರೆ ಚಿಪ್ಪಿಗಾಗಿ ಅಲ್ಲ, ಈ 4 ಜಿಬಿಗಾಗಿ ಹೊಸದನ್ನು ನೋಡು.

ಚಿತ್ರಕ್ಕೂ ರ‍್ಯಾಮಿಗೂ ಏನು ಸಂಬಂಧ ಎನ್ನುತ್ತೀಯಾ? ಎ3 ಅಳತೆಯ ಚಿತ್ರವನ್ನು ಮುದ್ರಣಕ್ಕಾಗಿ ಇಂಚಿಗೆ 300 ಚುಕ್ಕೆಯಂತೆ ತೆರೆದರೆ 4961 x 3508 ಪಿಕ್ಸೆಲ್ ಆಗುತ್ತದೆ. ಒಂದೊಂದು ಪಿಕ್ಸೆಲ್‌ಗೆ 4 ಬೈಟ್ ಎಂದರೆ ಒಂದೇ ಲೇಯರ್‌ಗೆ (ಒಂದರ ಮೇಲೊಂದು ಇಡುವ ಚಿತ್ರದ ಪದರಕ್ಕೆ) ಹತ್ತಿರ ಹತ್ತಿರ 70 ಎಂಬಿ. ಐವತ್ತು ಲೇಯರ್ ತುಂಬಿದರೆ 3.5 ಜಿಬಿ. ಆ್ಯಪ್‌ಗಳು ಖಾಲಿ ಜಾಗ ಬಿಟ್ಟು ಜಾಣತನದಿಂದ ಉಳಿಸುತ್ತವೆ, ಆದರೂ ಕ್ಯಾನ್ವಾಸ್ ದೊಡ್ಡದಾದಷ್ಟೂ ಲೇಯರ್ ಮಿತಿ ಇಳಿಯುತ್ತಾ ಹೋಗುವುದು ಇದೇ ಕಾರಣಕ್ಕೆ. ಪ್ರೊಕ್ರಿಯೇಟ್ ಎಂಬ ಚಿತ್ರ ಬಿಡಿಸುವ ಆ್ಯಪ್‌ನಲ್ಲಿ ಹೊಸ ಕ್ಯಾನ್ವಾಸ್ ಮಾಡುವಾಗಲೇ ಗರಿಷ್ಠ ಲೇಯರ್ ಎಷ್ಟೆಂದು ತೋರಿಸುತ್ತದೆ. ಅಂಗಡಿಯಲ್ಲಿ ಇಟ್ಟಿರುವ ಯಂತ್ರದಲ್ಲಿ ಆ್ಯಪ್ ಇದ್ದರೆ ನಿನ್ನ ಅಳತೆ ಹಾಕಿ ಆ ಅಂಕಿ ನೋಡಿಕೋ.

ವಿಡಿಯೋ ಮಾಡುವ ಹುಚ್ಚು ಹತ್ತಿದರೆ ಲೆಕ್ಕ ಇನ್ನೂ ದೊಡ್ಡದು: 4ಕೆ ಪ್ರೋರೆಸ್ (ಗುಣಮಟ್ಟ ಹೆಚ್ಚು ಉಳಿಸಿಕೊಳ್ಳುವ ದೊಡ್ಡ ವಿಡಿಯೋ ಬಗೆ) ಒಂದು ನಿಮಿಷಕ್ಕೇ ಸುಮಾರು 6 ಜಿಬಿ ತಿನ್ನುತ್ತದೆ. 256 ಜಿಬಿಯಲ್ಲಿ ಸಿಸ್ಟಮ್, ಆ್ಯಪ್ ಕಳೆದು ಅರ್ಧ ಗಂಟೆಯ ಚಿತ್ರೀಕರಣ ಹಿಡಿಸಿದರೆ ಹೆಚ್ಚು. ಐಪ್ಯಾಡ್‌ನಲ್ಲಿ ಮೆಮೊರಿ ಕಾರ್ಡ್ ಹಾಕುವ ಜಾಗವಿಲ್ಲ, ಆಮೇಲೆ ಹೆಚ್ಚಿಸುವ ದಾರಿಯೂ ಇಲ್ಲ. ಹೊರಗಿನ ಎಸ್ಎಸ್‌ಡಿ ಡಿಸ್ಕ್ ಹಚ್ಚಬಹುದು, ಎಕ್ಸ್‌ಫ್ಯಾಟ್ ಎಂಬ ಕಡತ ವಿನ್ಯಾಸಕ್ಕೆ ಫಾರ್ಮ್ಯಾಟ್ ಮಾಡಿದರೆ ಲ್ಯಾಪ್‌ಟಾಪ್‌ಗೂ ಹೊಂದುತ್ತದೆ.

ಆದರೆ ಪೋರ್ಟ್ ಒಂದೇ. ಡಿಸ್ಕ್ ಹಚ್ಚಿದರೆ ಚಾರ್ಜರ್‌ಗೆ ಜಾಗವಿಲ್ಲ. ಆ್ಯಪಲ್‌ನ ಮ್ಯಾಜಿಕ್ ಕೀಬೋರ್ಡ್ ಇದ್ದರೆ ಅದರ ಹಿಂಜಿನಲ್ಲಿ ಇನ್ನೊಂದು ಸಿ ಪೋರ್ಟ್ ಸಿಗುತ್ತದೆ, ಅದು ಚಾರ್ಜಿಂಗ್‌ಗೆ ಮಾತ್ರ; ಇಲ್ಲದಿದ್ದರೆ ಚಾರ್ಜ್ ಹಾಯಿಸುವ ಹಬ್ ಕೊಳ್ಳಬೇಕು. ಪೋರ್ಟ್ ವೇಗ ಸೆಕೆಂಡಿಗೆ 40 ಗಿಗಾಬಿಟ್ ಎಂದು ಜಾಹೀರಾತಿನಲ್ಲಿದೆ, ಸುಳ್ಳಲ್ಲ. ಪೆಟ್ಟಿಗೆಯಲ್ಲಿ ಬರುವ ಕೇಬಲ್ ಮಾತ್ರ ಯುಎಸ್‌ಬಿ 2, ಅಂದರೆ 480 ಮೆಗಾಬಿಟ್. ಅದರಲ್ಲಿ 100 ಜಿಬಿ ಸಾಗಿಸಲು ಅರ್ಧ ಗಂಟೆಯೂ ಸಾಲುವುದಿಲ್ಲ. ಆ ವೇಗ ಬೇಕಾದರೆ ಥಂಡರ್‌ಬೋಲ್ಟ್ ಎಂಬ ಒಳ್ಳೆಯ ಕೇಬಲ್ ಬೇರೆಯಾಗಿ ಕೊಳ್ಳಬೇಕು. ಹೆಡ್‌ಫೋನ್ ಸಾಕೆಟ್ಟೂ ಇಲ್ಲ.

ತೂಕದ ವಿಷಯ ಬಂದರೆ, 13 ಇಂಚಿನದು 579 ಗ್ರಾಂ, 5.1 ಮಿಲಿಮೀಟರ್ ದಪ್ಪ. 11 ಇಂಚಿನದು 444 ಗ್ರಾಂ. ಕೈಯಲ್ಲಿ ಹಿಡಿದರೆ ಖುಷಿಯಾಗುತ್ತದೆ. ಕೀಬೋರ್ಡ್ ಸೇರಿಸಿದೊಡನೆ 13 ಇಂಚಿನದು 1.2 ಕೆ.ಜಿ. ಆಸುಪಾಸಿಗೆ ಬರುತ್ತದೆ. ಅದು ಹಗುರವಾದ ಲ್ಯಾಪ್‌ಟಾಪ್‌ನ ತೂಕ! ಹಗುರ ಅನ್ನುವುದಕ್ಕಾಗಿಯೇ ಟ್ಯಾಬ್ಲೆಟ್ ತಗೊಂಡು, ಲ್ಯಾಪ್‌ಟಾಪ್ ಆಗಲಿ ಅಂತ ಕೀಬೋರ್ಡ್ ಹಾಕಿದರೆ ಎರಡೂ ಕೈಬಿಟ್ಟ ಹಾಗೆ. ಮಂಚದ ಮೇಲೆ, ತೊಡೆಯ ಮೇಲೆ ಇಟ್ಟರೆ ಮೇಲ್ಭಾಗವೇ ಭಾರ, ಹಿಂದಕ್ಕೆ ವಾಲುತ್ತದೆ. ಹಳೆಯ ಪ್ರೋಗೆ ಮಾಡಿದ ಮ್ಯಾಜಿಕ್ ಕೀಬೋರ್ಡ್ ಎಂ4ಗೆ ಹೊಂದುವುದಿಲ್ಲ, ಅದನ್ನೂ ಗಮನದಲ್ಲಿಡು.

ಈಗ ಕೊರತೆಯ ಮೂಲಕ್ಕೆ ಬರುತ್ತೇನೆ. 2025ರ ಸೆಪ್ಟೆಂಬರಿನ ಐಪ್ಯಾಡ್‌ಓಎಸ್ 26 (ಐಪ್ಯಾಡ್ ನಡೆಸುವ ಮೂಲ ತಂತ್ರಾಂಶ) ಬಂದ ಮೇಲೆ ಆ್ಯಪ್ ಕಿಟಕಿಗಳನ್ನು ಬೇಕಾದ ಅಳತೆಗೆ ಎಳೆಯಬಹುದು, ಮೇಲೆ ಮೆನು ಸಾಲು ಬಂದಿದೆ, ವಿಡಿಯೋ ಎಕ್ಸ್‌ಪೋರ್ಟ್‌ನಂಥ ದೀರ್ಘ ಕೆಲಸ ಹಿನ್ನೆಲೆಯಲ್ಲಿ ಓಡಲು ಆ್ಯಪ್‌ಗಳಿಗೆ ಅವಕಾಶ ಸಿಕ್ಕಿದೆ. ಮೊದಲು ಬೇರೆ ಆ್ಯಪ್‌ಗೆ ಹೋದರೆ ಎಕ್ಸ್‌ಪೋರ್ಟ್ ಅಲ್ಲಿಗೇ ನಿಲ್ಲುತ್ತಿತ್ತು. ಸುಧಾರಣೆ ದೊಡ್ಡದೇ. ಆದರೂ ನಿನ್ನ ಪ್ರೋಗ್ರಾಮಿಂಗ್ ಲ್ಯಾಬ್‌ಗೆ ಬೇಕಾದದ್ದು ಅದರಲ್ಲಿಲ್ಲ. ಲ್ಯಾಪ್‌ಟಾಪ್‌ನಲ್ಲಿ ಇರುವಂಥ ಟರ್ಮಿನಲ್ (ಆದೇಶ ಟೈಪ್ ಮಾಡುವ ಕಿಟಕಿ) ಇಲ್ಲ, ಕೋಡ್ ಬರೆಯುವ ವಿಎಸ್ ಕೋಡ್ ಆ್ಯಪ್ ಇಲ್ಲ, ಅದೇ ಕೆಲಸದ ಆ್ಯಪಲ್‌ನದೇ ಎಕ್ಸ್‌ಕೋಡ್ ಕೂಡ ಐಪ್ಯಾಡ್‌ಗೆ ಬಂದಿಲ್ಲ. ಬ್ರೌಸರ್‌ನಲ್ಲಿ ಓಡುವ ಎಡಿಟರ್‌ಗಳಿವೆ, ಇಂಟರ್ನೆಟ್ ಹೋದರೆ ಕೆಲಸವೂ ಹೋಯಿತು. ಎಕ್ಸೆಲ್ ಇದೆ, ಆದರೆ ಅದರಲ್ಲಿ ವಿಬಿಎ ಮ್ಯಾಕ್ರೋ ಓಡುವುದಿಲ್ಲ. ಅಪ್ಪನ ಲೆಕ್ಕದ ಶೀಟಿನಲ್ಲಿ ಬಟನ್ ಒತ್ತಿದರೆ ಒಟ್ಟು ಬರುತ್ತದಲ್ಲ, ಆ ಬಟನ್ ಐಪ್ಯಾಡ್‌ನಲ್ಲಿ ಬರೀ ಚಿತ್ರ. ಕ್ರೋಮ್ ಹಾಕಿಕೊಂಡರೂ ಲ್ಯಾಪ್‌ಟಾಪ್‌ನ ಕ್ರೋಮ್ ಎಕ್ಸ್‌ಟೆನ್ಶನ್‌ಗಳು ಬರುವುದಿಲ್ಲ. ಯೂನಿಕೋಡ್ ಅಲ್ಲದ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಕನ್ನಡ ಕಡತಗಳು ತೆರೆದುಕೊಳ್ಳುತ್ತವೆ, ಓದಲು ಬರುವುದಿಲ್ಲ. ಅವನ್ನು ಮೊದಲೇ ಕಂಪ್ಯೂಟರಿನಲ್ಲಿ ಯೂನಿಕೋಡ್‌ಗೆ ಬದಲಿಸಿಡಬೇಕು, ಅಥವಾ ಫಾಂಟ್ ಒಳಗೇ ಸೇರಿದ ಪಿಡಿಎಫ್ ಮಾಡಬೇಕು.

ಮನೆಯವರೆಲ್ಲ ಬಳಸಬಹುದು ಎಂದು ನೀನು ಅಪ್ಪನನ್ನು ಒಪ್ಪಿಸಲು ಹೊರಟಿದ್ದೀಯ. ಐಪ್ಯಾಡ್‌ನಲ್ಲಿ ಒಬ್ಬರಿಗೊಂದು ಖಾತೆ ಮಾಡಲು ಬರುವುದಿಲ್ಲ. ಶಾಲೆ, ಕಂಪನಿಗಳು ನಿರ್ವಹಿಸುವ ಐಪ್ಯಾಡ್‌ಗಳಿಗೆ ಮಾತ್ರ ಆ ಸೌಲಭ್ಯ. ಅಂದರೆ ಅಪ್ಪನ ಮೇಲ್, ನಿನ್ನ ಮೆಸೇಜ್, ಅಮ್ಮನ ಫೋಟೋ ಎಲ್ಲ ಒಂದೇ ಕಡೆ ತೆರೆದಿರುತ್ತವೆ. ಆ್ಯಪ್‌ಗಳಿಗೆ ಒಂದೊಂದಾಗಿ ಬೀಗ ಹಾಕಬಹುದು, ಅಷ್ಟೇ.

ಸ್ಯಾಮ್‌ಸಂಗ್ ಟ್ಯಾಬ್ ಎಸ್ ಸರಣಿ ಕೆಲವು ಕಡೆ ಇದಕ್ಕಿಂತ ವಾಸಿ. ಪೆನ್ ಪೆಟ್ಟಿಗೆಯಲ್ಲೇ ಬರುತ್ತದೆ, ಗೆರೆ ಎಳೆಯಲು ಆ ಪೆನ್ನಿಗೆ ಚಾರ್ಜ್ ಬೇಕಿಲ್ಲ. ಮೈಕ್ರೋಎಸ್‌ಡಿ ಕಾರ್ಡ್ ಹಾಕಬಹುದು, ಬೇರೆ ಬೇರೆ ಖಾತೆ ಮಾಡಬಹುದು, 2023ರ ಎಸ್9ರಿಂದ ಈಚೆಗೆ ಮುಖ್ಯ ಮಾದರಿಗಳಿಗೆ ಐಪಿ68 ರಕ್ಷಣೆ ಇದೆ, ನೀರು ಚೆಲ್ಲಿದರೆ ಪ್ರಾಣ ಹೋಗುವುದಿಲ್ಲ. ಐಪ್ಯಾಡ್‌ಗೆ ಅಂಥ ರಕ್ಷಣೆಯೇ ಇಲ್ಲ. ಆದರೆ ಪ್ರೊಕ್ರಿಯೇಟ್ ಆಂಡ್ರಾಯ್ಡ್‌ಗೆ ಇಲ್ಲ. ಕ್ಲಿಪ್ ಸ್ಟುಡಿಯೋ, ಕ್ರಿಟಾ ಎಂಬ ಚಿತ್ರದ ಆ್ಯಪ್‌ಗಳಿವೆ. ನಿನ್ನ ಕೈ ಯಾವ ಆ್ಯಪ್‌ಗೆ ಒಗ್ಗಿದೆ ಎನ್ನುವುದರ ಮೇಲೆ ಇದು ನಿಲ್ಲುತ್ತದೆ. ವಿಂಡೋಸ್ ಸರ್ಫೇಸ್ ಪ್ರೋನಲ್ಲಿ ಲ್ಯಾಪ್‌ಟಾಪ್ ತಂತ್ರಾಂಶವೇ ಓಡುತ್ತದೆ. ಸ್ನ್ಯಾಪ್‌ಡ್ರ್ಯಾಗನ್ ಎಂಬ ಆರ್ಮ್ ಬಗೆಯ ಚಿಪ್ ಇರುವ ಮಾದರಿಯಾದರೆ ಲ್ಯಾಬಿನ ಹಳೆಯ ಉಪಕರಣ, ಪ್ರಿಂಟರ್‌ಗಳಿಗೆ ಆರ್ಮ್ ಡ್ರೈವರ್ ಇದೆಯೇ ಎಂದು ಮೊದಲು ವಿಚಾರಿಸು. ಇಲ್ಲದಿದ್ದರೆ ಅವು ಹತ್ತಿಕೊಳ್ಳುವುದೇ ಇಲ್ಲ.

ಬಾಳಿಕೆಯ ಬಗ್ಗೆ ಎರಡು ಮಾತು. ಬ್ಯಾಟರಿಯನ್ನು ಒಳಗೆ ಅಂಟಿಸಿರುತ್ತಾರೆ, ಮನೆಯಲ್ಲಿ ಬಿಚ್ಚುವ ಸಾಹಸ ಬೇಡ. ಸೆಟ್ಟಿಂಗ್ಸ್‌ನ ಬ್ಯಾಟರಿ ವಿಭಾಗದಲ್ಲಿ ಶೇ. 80ಕ್ಕೆ ಚಾರ್ಜ್ ನಿಲ್ಲಿಸುವ ಆಯ್ಕೆ ಇದೆ. ಇಡೀ ದಿನ ಚಾರ್ಜರ್‌ಗೆ ಹಚ್ಚಿಯೇ ಬಳಸುವವನಾದರೆ ಅದನ್ನು ಹಾಕಿಡು, ತುಂಬಿದ ಸ್ಥಿತಿಯಲ್ಲಿ ಬಿಸಿಯಾಗಿರುವುದೇ ಲಿಥಿಯಂ ಬ್ಯಾಟರಿಗೆ ವೈರಿ. ಇಷ್ಟು ತೆಳುವಾದ ಲೋಹದ ಹಲಗೆ ಬಾಗುವುದು ಬ್ಯಾಗಿನಲ್ಲಿ. ಪುಸ್ತಕಗಳ ಕೆಳಗೆ ಅಡ್ಡಲಾಗಿ ಹಾಕಬೇಡ, ಬೆನ್ನಿನ ಕಡೆಯ ಅರೆಯಲ್ಲಿ ನೆಟ್ಟಗೆ ನಿಲ್ಲಿಸು.

ಅಪ್ಪನಿಗೆ: ನಿಮಗೆ ಪಿಡಿಎಫ್ ಓದಲು, ಸಹಿ ಹಾಕಲು ಬೇಕು ಎಂದಿದ್ದಿರಿ. ಅದಕ್ಕೆ ಪ್ರೋ ಬೇಡ, ದೊಡ್ಡ ಪರದೆ ಬೇಕು. 11 ಇಂಚಿನ ಪರದೆಯಲ್ಲಿ ಎ4 ಪುಟ ಪೂರ್ತಿ ಕಾಣುವಂತೆ ಇಟ್ಟರೆ ಶೇ. 76ರಷ್ಟು ಅಳತೆಗೆ ಕುಗ್ಗುತ್ತದೆ, 12 ಪಾಯಿಂಟ್ ಅಕ್ಷರ 9 ಪಾಯಿಂಟಿನಷ್ಟು ಕಾಣುತ್ತದೆ. 13 ಇಂಚಿನಲ್ಲಿ ಶೇ. 88ರ ಆಸುಪಾಸು, ಅಕ್ಷರ ಹತ್ತೂವರೆ ಪಾಯಿಂಟು. ಹಿಗ್ಗಿಸುತ್ತಾ ಸರಿಸುತ್ತಾ ಓದುವ ಕಾಟ ತಪ್ಪುತ್ತದೆ. 13 ಇಂಚಿನ ಏರ್ ನಿಮಗೆ ಧಾರಾಳ ಸಾಕು. ಕೈಯಲ್ಲಿ ಹಿಡಿದು ಓದಲು ಭಾರವಾಗುತ್ತದೆ, ಒಂದು ಸ್ಟ್ಯಾಂಡ್ ಇಟ್ಟುಕೊಳ್ಳಿ.

ತಮ್ಮಾ, ನನ್ನ ತೀರ್ಪು ಕೇಳಿದರೆ ಹೀಗೆ. ಪ್ರೋ, ಪೆನ್, ಕೀಬೋರ್ಡ್ ಮೂರಕ್ಕೂ ಸುರಿಯುವ ದುಡ್ಡಿನಲ್ಲಿ ಒಂದು 11 ಇಂಚಿನ ಏರ್, ಪೆನ್ಸಿಲ್ ಪ್ರೋ ಮತ್ತು ಒಂದು ಸಾಧಾರಣ ಲ್ಯಾಪ್‌ಟಾಪ್ ಬರುತ್ತವೆ. ಏರ್‌ನಲ್ಲೂ ಅದೇ ಪೆನ್, ಅದೇ ಆ್ಯಪ್. ಕಳೆದುಕೊಳ್ಳುವುದು 120 ಹರ್ಟ್ಸ್, ಓಎಲ್ಇಡಿ, ಮುಖ ಗುರುತಿಸುವ ಬೀಗ. ಏರ್‌ನಲ್ಲಿ ಬೆರಳಚ್ಚು ಮೇಲಿನ ಬಟನ್‌ನಲ್ಲಿದೆ. ಎಲ್ಲಕ್ಕಿಂತ ಅಗ್ಗದ ಐಪ್ಯಾಡ್ ಮಾತ್ರ ಬೇಡ. ಅದರಲ್ಲಿ ಗಾಜಿಗೂ ಪರದೆಗೂ ನಡುವೆ ಸಂದಿಯಿದೆ, ಮೊನೆ ಒಂದು ಕಡೆ, ಗೆರೆ ಇನ್ನೊಂದು ಕಡೆ ಕಾಣುತ್ತದೆ. ಪೆನ್ಸಿಲ್ ಪ್ರೋ ಕೂಡ ಅದಕ್ಕೆ ಹೊಂದುವುದಿಲ್ಲ. ಚಿತ್ರದಿಂದಲೇ ಸಂಪಾದನೆ ಶುರುವಾದ ದಿನ ಪ್ರೋ ಕೊಂಡರೆ ನಾನೇ ಬೆನ್ನು ತಟ್ಟುತ್ತೇನೆ.

ಅಂಗಡಿಗೆ ಹೋದಾಗ ಒಂದು ಸ್ಕೇಲ್ ಜೊತೆಗಿರಲಿ. ಪರದೆಯ ಮೇಲೆ ಓರೆಯಾಗಿ ಇಟ್ಟು ಪೆನ್ನಿನಿಂದ ಬಹಳ ನಿಧಾನವಾಗಿ ಗೆರೆ ಎಳೆ. ಕೆಲವು ಟ್ಯಾಬ್ಲೆಟ್‌ಗಳಲ್ಲಿ ಆ ಗೆರೆ ಅಲೆಅಲೆಯಾಗಿ ಬರುತ್ತದೆ. ವೇಗವಾಗಿ ಎಳೆದಾಗ ಅದು ಕಾಣದು. ಆಮೇಲೆ ಅಂಗೈ ಊರಿ ಬರೆದು ನೋಡು, ಬೇಡದ ಚುಕ್ಕೆ ಬೀಳಬಾರದು. ಅದೇ ಗೆರೆಯನ್ನು ಪ್ರೋ, ಏರ್ ಎರಡರಲ್ಲೂ ಎಳೆ. ವ್ಯತ್ಯಾಸ ಕೈಗೆ ಗೊತ್ತಾಗದಿದ್ದರೆ ಹೆಚ್ಚಿನ ದುಡ್ಡು ಯಾಕೆ? ಓಎಲ್ಇಡಿಯಾದರೆ ಇಡೀ ಪರದೆಗೆ ಗಾಢ ಬೂದು ಬಣ್ಣದ ಚಿತ್ರ ತೆರೆದು ಬೆಳಕು ತಗ್ಗಿಸು, ಕಲೆ ಅಥವಾ ಬಣ್ಣದ ಛಾಯೆ ಇದ್ದರೆ ಆಗ ಎದ್ದು ಕಾಣುತ್ತದೆ. ಬಳಸಿದ್ದನ್ನು ಕೊಳ್ಳುವುದಾದರೆ ಮಾರುವವರು ನಿನ್ನ ಎದುರಿಗೇ ತಮ್ಮ ಆ್ಯಪಲ್ ಖಾತೆಯಿಂದ ಸೈನ್ ಔಟ್ ಆಗಿ ಎಲ್ಲ ಅಳಿಸಿ ಕೊಡಬೇಕು. ಖಾತೆಯ ಬೀಗ ಉಳಿದಿದ್ದರೆ ಅದು ಹಲಗೆ ಬಳಪಕ್ಕೂ ಕಡೆ.

ನಾನಿರುವ ಈ ಪರದೇಶದಿಂದಲೇ ತರಲಿ ಎಂದು ತೀರ್ಮಾನವಾದರೆ ಮೂರು ತೊಡಕುಗಳನ್ನು ಮೊದಲೇ ಗೊತ್ತುಮಾಡಿಕೊಳ್ಳಿ. ಕೀಬೋರ್ಡಿನ ಅಕ್ಷರ ಜೋಡಣೆ ದೇಶದಿಂದ ದೇಶಕ್ಕೆ ಬೇರೆ. ಅಮೆರಿಕದ ಜೋಡಣೆಯದೇ ಬೇಕೆಂದು ಹೇಳಿ ತರಿಸಬೇಕಾಗುತ್ತದೆ. ಎಂ4, ಎಂ5 ಪ್ರೋ ಸೆಲ್ಯುಲಾರ್ ಮಾದರಿಗೆ ಸಿಮ್ ಟ್ರೇ ಇಲ್ಲ, ಇ-ಸಿಮ್ ಮಾತ್ರ, ಅದರಲ್ಲಿ ಸಾಮಾನ್ಯ ಫೋನ್ ಕರೆಯೂ ಆಗುವುದಿಲ್ಲ. ವೈ-ಫೈ ಮಾದರಿಗೆ ಜಿಪಿಎಸ್ ಇರುವುದಿಲ್ಲ, ನಕ್ಷೆ ಹಿಡಿದು ಓಡಾಡುವವರು ನೀವಲ್ಲವಾದ್ದರಿಂದ ಅದೇ ಸಾಕು. ಇನ್ನು, ಬೇರೆ ದೇಶದಲ್ಲಿ ಕೊಂಡದ್ದಕ್ಕೆ ನಿಮ್ಮಲ್ಲಿ ವಾರಂಟಿ ರಿಪೇರಿ ಸಿಗುತ್ತದೆಯೇ ಎನ್ನುವುದನ್ನು ಆ ಮಾದರಿಯ ಹೆಸರು ಕೊಟ್ಟು ಸರ್ವಿಸ್ ಸೆಂಟರಿನಲ್ಲಿ ಕೇಳಿ. ಚಾರ್ಜರ್ ಯಾವ ವೋಲ್ಟೇಜಿಗೂ ಆಗುತ್ತದೆ, ಪಿನ್ ಮಾತ್ರ ಬೇರೆ.

ಮರಳಿ ಬರೆಯುವಾಗ ಅಳತೆ, ಜಿಬಿ, ಕೀಬೋರ್ಡ್ ಬೇಕೋ ಬೇಡವೋ, ಪೆನ್ ಯಾವುದು, ಈ ನಾಲ್ಕನ್ನೂ ಸ್ಪಷ್ಟವಾಗಿ ಬರಿ. ‘ಒಳ್ಳೆಯದು ಯಾವುದಾದರೂ ಸರಿ’ ಎಂದು ಬರೆದರೆ ಉತ್ತರ ಕೊಡುವುದಿಲ್ಲ. ನಿನ್ನ ಕೋರ್ಸಿನ ತಂತ್ರಾಂಶ ಪಟ್ಟಿಯ ಫೋಟೋವನ್ನೂ ಕಳಿಸು, ಅದರಲ್ಲಿ ಯಾವುದು ಐಪ್ಯಾಡ್‌ಗೆ ಇದೆ, ಯಾವುದು ಇಲ್ಲ ಎಂದು ಗುರುತು ಹಾಕಿ ಕೊಡುತ್ತೇನೆ.

ಇತಿ,
ನಿನ್ನ ಅಕ್ಕ